ತೆರೆದ ಗ್ರಂಥದ ಮುಂದೆ

ಬಹುಕಾಲ ಕಾದಿದ್ದ ಗ್ರಂಥವೊಂದನ್ನು ಮೊದಲ ಬಾರಿಗೆ ತೆರೆಯುವಾಗ ಮನುಷ್ಯನ ಮನಸ್ಸಿನಲ್ಲಿ ಏಳುವ ಪುಳಕಕ್ಕೆ ಪವಿತ್ರ ಬೈಬಲಿನಲ್ಲಿಯೇ ಒಂದು ಅಪೂರ್ವ ಚಿತ್ರವಿದೆ. ನೆಹೆಮೀಯನ ಗ್ರಂಥದ ಎಂಟನೆಯ ಅಧ್ಯಾಯದಲ್ಲಿ ಅದನ್ನು ಕಾಣುತ್ತೇವೆ. ಬಾಬಿಲೋನಿನ ಸೆರೆಯಿಂದ ಹಿಂದಿರುಗಿದ ಜನರು ಏಳನೆಯ ತಿಂಗಳ ಮೊದಲನೆಯ ದಿನ ಜೆರುಸಲೇಮಿನ ನೀರುಬಾಗಿಲಿನ ಮುಂದಣ ಬಯಲಿನಲ್ಲಿ ನೆರೆಯುತ್ತಾರೆ. ಧರ್ಮಶಾಸ್ತ್ರದ ಗ್ರಂಥವನ್ನು ಹೊರಗೆ ತರಬೇಕೆಂದು ಎಜ್ರನನ್ನು ಆ ಜನರೇ ಬೇಡಿಕೊಳ್ಳುತ್ತಾರೆ. ಎಜ್ರನು ಮರದ ಪೀಠವನ್ನೇರಿ ಎಲ್ಲರ ಕಣ್ಣೆದುರಿಗೆ ಗ್ರಂಥವನ್ನು ತೆರೆದೊಡನೆ ನೆರೆದವರೆಲ್ಲರೂ ಎದ್ದು ನಿಲ್ಲುತ್ತಾರೆ. ಮುಂಜಾನೆಯಿಂದ ಮಧ್ಯಾಹ್ನದವರೆಗೆ ವಾಚನ ನಡೆಯುತ್ತದೆ. ಲೇವಿಯರು ಜನರ ನಡುವೆ ನಿಂತು ಅರ್ಥವನ್ನು ಬಿಡಿಸಿ ಹೇಳುತ್ತಾರೆ. ಕೇಳಿದವರ ಕಣ್ಣುಗಳು ತುಂಬಿಬರುತ್ತವೆ. ಆಗ ಎಜ್ರನೂ ನೆಹೆಮೀಯನೂ ಲೇವಿಯರೂ ಅವರನ್ನು ಸಂತೈಸಿ, ಇದು ಅಳುವ ದಿನವಲ್ಲವೆಂದೂ, ಮನೆಗೆ ಹೋಗಿ ಹಬ್ಬ ಮಾಡಬೇಕೆಂದೂ, ಏನೂ ಇಲ್ಲದವರಿಗೆ ಒಂದು ಪಾಲು ಕಳುಹಿಸಬೇಕೆಂದೂ ತಿಳಿಸುತ್ತಾರೆ.

ಈ ಚಿತ್ರದಲ್ಲಿ ಮೂರು ಸಂಗತಿಗಳು ಒಟ್ಟಿಗೆ ಸೇರಿವೆ. ಜನರು ಗ್ರಂಥವನ್ನು ಬಯಸಿ ಕೇಳಿದರು. ಗ್ರಂಥವು ಅವರೆದುರಿಗೆ ತೆರೆಯಲ್ಪಟ್ಟಿತು. ತೆರೆದದ್ದು ಅವರಿಗೆ ಅರ್ಥವಾಗುವಂತೆ ವಿವರಿಸಲ್ಪಟ್ಟಿತು. ಕನ್ನಡ ನಾಡಿನಲ್ಲಿ ದೇವರ ವಾಕ್ಯದ ಗ್ರಂಥ ತೆರೆದುಕೊಂಡ ಕಥೆಯಲ್ಲಿಯೂ ಈ ಮೂರೂ ಇವೆ. ಆದರೆ ಅವು ಒಂದೇ ಮುಂಜಾನೆಯಲ್ಲಿ ಕೂಡಿಬರಲಿಲ್ಲ. ಅವು ಕೂಡಿಬರಲು ಮೂರು ಶತಮಾನಗಳಿಗೂ ಹೆಚ್ಚು ಕಾಲ ಹಿಡಿಯಿತು. ಆ ಕಥೆಯ ಬಹುಮುಖ್ಯವಾದ ಭಾಗವೊಂದು ನಮ್ಮ ಮಂಡ್ಯ ಸೀಮೆಯಲ್ಲಿಯೇ ನಡೆಯಿತೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು.

ಕಲ್ಲಿನ ಮೇಲಿನ ಅಕ್ಷರ

ಮದ್ದೂರಿಗೆ ಸಮೀಪದಲ್ಲಿ, ಶಿಂಷಾ ನದಿಯ ದಡದಲ್ಲಿ ವೈದ್ಯನಾಥಪುರವೆಂಬ ಊರಿದೆ. ಅಲ್ಲಿಯ ಪ್ರಾಚೀನ ವೈದ್ಯನಾಥೇಶ್ವರ ದೇವಾಲಯದಿಂದ ಊರಿಗೆ ಆ ಹೆಸರು ಬಂದಿದೆ. ಈ ಸುತ್ತಿನ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ನೆಲಕ್ಕೆ ಅಕ್ಷರ ಹೊಸದೇನಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನ ಪ್ರಸಿದ್ಧ ವೀರಗಲ್ಲು ಕ್ರಿಸ್ತಶಕ 949-50ಕ್ಕೆ ಸೇರಿದ್ದು. ತಕ್ಕೋಲದ ಯುದ್ಧ, ಗಂಗರ ಬೂತುಗ, ಮನಲೆರನೆಂಬ ವೀರ, ಕಾಡುಹಂದಿಯೊಡನೆ ಹೋರಾಡಿ ಮಡಿದ ಕಾಳಿಯೆಂಬ ನಾಯಿ, ಇವೆಲ್ಲದರ ಕಥೆ ಅದರ ಮೇಲಿದೆ. ಇಂದು ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಇಂತಹ ಕಲ್ಲುಗಳ ಪಕ್ಕದಲ್ಲಿಯೇ ರೈತರು ಎತ್ತು ಹೊಡೆದುಕೊಂಡು ಹೋದರು; ಮಕ್ಕಳು ಅವುಗಳ ಮೇಲೆ ಹತ್ತಿ ಆಡಿದರು. ಅಕ್ಷರ ಎದುರಿಗೇ ಇತ್ತು. ಅರ್ಥ ಮಾತ್ರ ಮುಚ್ಚಿಕೊಂಡಿತ್ತು. ಬಿ. ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೂರನೆಯ ಸಂಪುಟ 1894ರಲ್ಲಿ ಪ್ರಕಟವಾದಾಗ ಈ ಭಾಗದ ಅನೇಕ ಶಾಸನಗಳು ಮೊದಲ ಬಾರಿಗೆ ಓದುಗರ ಕೈಗೆ ಬಂದವು. ಮೈಸೂರು ವಿಶ್ವವಿದ್ಯಾನಿಲಯವು 1979ರಲ್ಲಿ ಹೊರತಂದ ಪರಿಷ್ಕೃತ ಮಾಲೆಯ ಏಳನೆಯ ಸಂಪುಟದಲ್ಲಿ ನಾಗಮಂಗಲ, ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಶಾಸನಗಳು ಒಂದೆಡೆ ಸೇರಿದವು. ತನ್ನ ಊರಿನ ಕಲ್ಲು ಏನು ಹೇಳುತ್ತದೆಂಬುದನ್ನು ಆ ಪುಟಗಳಲ್ಲಿ ಮೊದಲ ಬಾರಿಗೆ ಓದಿದವನ ಸಂತೋಷವನ್ನು ನಾವು ಊಹಿಸಬಹುದು.

ಅಕ್ಷರವು ನಮ್ಮೆದುರಿಗೆ ಇರುವುದು ಒಂದು. ಅದು ನಮಗೆ ತೆರೆದುಕೊಳ್ಳುವುದು ಇನ್ನೊಂದು. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು, ವೈದ್ಯನಾಥಪುರದಿಂದ ಒಂದೆರಡು ದಿನದ ಕಾಲ್ನಡಿಗೆಯ ದೂರದಲ್ಲಿರುವ ಶ್ರೀರಂಗಪಟ್ಟಣದ ಕಡೆಗೆ ತಿರುಗೋಣ. ಮೈಸೂರು ಸೀಮೆಯಲ್ಲಿ ಶುಭಸಂದೇಶದ ಕಥೆ ಆರಂಭವಾಗುವುದು ಅಲ್ಲಿಂದ.

ಕಿವಿಯಿಂದ ಬಂದ ವಿಶ್ವಾಸ

ಲಿಯೊನಾರ್ದೊ ಚಿನ್ನಾಮಿ ಎಂಬ ಇಟಲಿಯ ಯೇಸುಸಭೆಯ ಗುರುಗಳು 1648-49ರ ಹೊತ್ತಿಗೆ ಶ್ರೀರಂಗಪಟ್ಟಣಕ್ಕೆ ಬಂದರು. ಕಂಠೀರವ ನರಸರಾಜ ಒಡೆಯರು ಆಗ ಆಳುತ್ತಿದ್ದರು. ಮೈಸೂರು ಮಿಷನ್ನಿನ ಸ್ಥಾಪಕರೆಂದು ಚರಿತ್ರಕಾರರು ಗುರುತಿಸುವ ಈ ಗುರುಗಳು ಇಲ್ಲಿಯ ಸನ್ಯಾಸಿಗಳ ರೀತಿಯಲ್ಲಿ ಬಾಳಿ, ಕನ್ನಡವನ್ನು ಶ್ರದ್ಧೆಯಿಂದ ಕಲಿತು, ಆ ಭಾಷೆಯಲ್ಲಿ ಧರ್ಮೋಪದೇಶದ ಗ್ರಂಥವನ್ನೂ ಸಂತರ ಚರಿತ್ರೆಯನ್ನೂ ಬರೆದರು. ಕನ್ನಡದ ವ್ಯಾಕರಣ, ಶಬ್ದಕೋಶಗಳನ್ನು ಸಿದ್ಧಪಡಿಸಲು ಶ್ರಮಿಸಿದರು. ಇವೆಲ್ಲವೂ ಕೈಬರಹದ ಕೃತಿಗಳು. ಕನ್ನಡಕ್ಕೆ ಅಚ್ಚಿನ ಮೊಳೆಗಳು ಬರಲು ಇನ್ನೂ ನೂರೈವತ್ತು ವರ್ಷಗಳಿಗಿಂತ ಹೆಚ್ಚು ಕಾಲವಿತ್ತು.

ಆ ಕಾಲದ ವಿಶ್ವಾಸಿಗಳಿಗೆ ಗ್ರಂಥವೆಂದರೆ ಗುರುಗಳ ಬಾಯಿಂದ ಕೇಳಿದ ಮಾತು. ಪರಲೋಕದಲ್ಲಿರುವ ತಂದೆಗೆ ಸಲ್ಲಿಸುವ ಪ್ರಾರ್ಥನೆ, ಮರಿಯಮ್ಮನವರ ಜಪ, ವಿಶ್ವಾಸ ಪ್ರಮಾಣ, ಹತ್ತು ಕಟ್ಟಳೆಗಳು, ಯೇಸುಸ್ವಾಮಿಯ ಪಾಡುಗಳ ಕಥೆ, ಇವನ್ನು ತಾಯಂದಿರು ಬಾಯಿಪಾಠ ಮಾಡಿಕೊಂಡು ಮಕ್ಕಳಿಗೆ ಕಲಿಸಿದರು. ಗುರುಗಳು ವರ್ಷಕ್ಕೊಮ್ಮೆ ಬಂದರೂ ಬಾರದಿದ್ದರೂ ಮನೆಯ ಪ್ರಾರ್ಥನೆ ನಿಲ್ಲಲಿಲ್ಲ. ಇದನ್ನು ಕೊರತೆಯೆಂದು ಮಾತ್ರ ನೋಡಿದರೆ ನಮ್ಮ ಹಿರಿಯರಿಗೆ ಅನ್ಯಾಯ ಮಾಡಿದಂತಾದೀತು. ಕೇಳುವುದರಿಂದಲೇ ವಿಶ್ವಾಸವೆಂದು ಪ್ರೇಷಿತ ಪೌಲರು ರೋಮಿನವರಿಗೆ ಬರೆದ ಪತ್ರದಲ್ಲಿ ತಿಳಿಸಿದ್ದಾರಷ್ಟೆ.

ಪಡುವಣ ಕರಾವಳಿಯಲ್ಲಿ ಇದೇ ಅಗತ್ಯವನ್ನು ಕಾವ್ಯವು ಪೂರೈಸಿತು. ಯೇಸುಸಭೆಯ ಥಾಮಸ್ ಸ್ಟೀಫನ್ಸ್ ಅವರು ಮರಾಠಿಯ ಓವಿ ಛಂದಸ್ಸಿನಲ್ಲಿ ರಚಿಸಿದ ‘ಕ್ರಿಸ್ತಪುರಾಣ’ 1616ರಲ್ಲಿ ಗೋವೆಯಲ್ಲಿ ಅಚ್ಚಾಯಿತು. ಮಂಗಳೂರಿನ ಕ್ರೈಸ್ತರು ಅದನ್ನು ಕೈಬರಹದ ಪ್ರತಿಗಳಲ್ಲಿ ಕಾಪಾಡಿಕೊಂಡು ಬಂದುದರಿಂದಲೇ 1907ರಲ್ಲಿ ಮಂಗಳೂರಿನಲ್ಲಿ ಅದು ಮತ್ತೆ ಅಚ್ಚಾಗಲು ಸಾಧ್ಯವಾಯಿತು. 1784ರಲ್ಲಿ ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಒಯ್ದಾಗ, 1799ರವರೆಗಿನ ಆ ಕಷ್ಟದ ದಿನಗಳಲ್ಲಿ, ನೆನಪಿನಲ್ಲಿದ್ದ ಪ್ರಾರ್ಥನೆಯೇ ಅವರಿಗೆ ಆಧಾರವಾಯಿತು. ಪುಸ್ತಕವನ್ನು ಕಸಿದುಕೊಳ್ಳಬಹುದು, ಕಂಠಸ್ಥವಾದುದನ್ನು ಕಸಿದುಕೊಳ್ಳುವುದು ಸುಲಭವಲ್ಲ.

ಆದರೂ ಇಡಿಯ ಗ್ರಂಥವು ತನ್ನದೇ ನುಡಿಯಲ್ಲಿ, ತನ್ನದೇ ಕೈಯಲ್ಲಿ ಇರಬೇಕೆಂಬ ಬಯಕೆಯ ಪ್ರಶ್ನೆ ಉಳಿದೇ ಇತ್ತು. ಅದನ್ನು ಕುರಿತು ಗಂಭೀರವಾದ ವಾದವೊಂದು ನಡೆದದ್ದು ಮುಂದಿನ ಶತಮಾನದಲ್ಲಿ.

‘ದೊಡ್ಡ ಸ್ವಾಮಿ’ಯವರ ಆಕ್ಷೇಪ

1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಬಂದವರು ಪ್ಯಾರಿಸ್ ವಿದೇಶೀ ಮಿಷನ್ ಸಂಸ್ಥೆಯ ಅಬ್ಬೆ ದ್ಯುಬುವಾ. 1792ರಲ್ಲಿ ಭಾರತಕ್ಕೆ ಬಂದಿದ್ದ ಈ ಫ್ರೆಂಚ್ ಗುರುಗಳು ಗಂಜಾಮಿನಲ್ಲಿ ದೇವಾಲಯವನ್ನು ಕಟ್ಟಿಸಿದರು. ಹಾಸನದ ಬಳಿಯ ಸತ್ತಿಹಳ್ಳಿಯಲ್ಲಿ ಬಡ ಕ್ರೈಸ್ತ ಕುಟುಂಬಗಳಿಗೆ ಬೇಸಾಯದ ನೆಲೆಯನ್ನು ಒದಗಿಸಿದರು. ಸಿಡುಬಿಗೆ ದಾಕು ಹಾಕಿಸುವ ಕೆಲಸದಲ್ಲಿ ಮುಂದೆ ನಿಂತು ಸಾವಿರಾರು ಜನರ ಪ್ರಾಣ ಉಳಿಸಿದರು. ಇಲ್ಲಿಯ ಉಡುಪನ್ನುಟ್ಟು, ಇಲ್ಲಿಯ ಊಟವನ್ನುಂಡು, ಜನರಿಂದ ‘ದೊಡ್ಡ ಸ್ವಾಮಿಯವರು’ ಎಂದು ಕರೆಸಿಕೊಂಡರು. ಹಿಂದೂಗಳ ನಡೆನುಡಿ ಆಚಾರಗಳನ್ನು ಕುರಿತ ಅವರ ಗ್ರಂಥದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಸರ್ಕಾರ ಕೊಂಡುಕೊಂಡಿತು. 1816ರಲ್ಲಿ ಅದು ಇಂಗ್ಲಿಷಿನಲ್ಲಿ ಪ್ರಕಟವಾಯಿತು.

ಇಂತಹ ಅನುಭವಿ ಗುರುಗಳು ಬೈಬಲನ್ನು ದೇಶಭಾಷೆಗಳಿಗೆ ತರ್ಜುಮೆ ಮಾಡಿ ಹಂಚುವ ಕಾರ್ಯವನ್ನು ಬಲವಾಗಿ ವಿರೋಧಿಸಿದರು. ಭಾರತವನ್ನು ಬಿಟ್ಟು ಹೋದ 1823ರಲ್ಲಿಯೇ ಲಂಡನ್ನಿನಲ್ಲಿ ಪ್ರಕಟವಾದ ಅವರ ಪತ್ರಗಳ ಸಂಗ್ರಹದಲ್ಲಿ ಈ ವಾದವಿದೆ. ತರ್ಜುಮೆಗಳ ಭಾಷೆ ಒರಟಾಗಿದೆ, ವಿದ್ಯಾವಂತನಾದ ಓದುಗ ಅವನ್ನು ಒಂದೆರಡು ಪುಟ ತಿರುವಿ ಬಿಸುಡುತ್ತಾನೆ ಎಂಬುದು ಅವರ ಮೊದಲನೆಯ ಆಕ್ಷೇಪ. ವಿವರಣೆಯಿಲ್ಲದ ಬರಿಯ ಮೂಲವನ್ನು ಕೈಗಿತ್ತರೆ ಅದು ತಪ್ಪು ತಿಳುವಳಿಕೆಗೆ ದಾರಿಯಾಗುತ್ತದೆ ಎಂಬುದು ಎರಡನೆಯದು. ಇದಕ್ಕೆ ಅವರು ಕೊಡುವ ಉದಾಹರಣೆ ಮನಸ್ಸಿಗೆ ನಾಟುವಂತಹುದು. ದಾರಿತಪ್ಪಿದ ಮಗನ ಸಾಮತಿಯನ್ನು ಪ್ರಸಂಗದಲ್ಲಿ ಹೇಳುವಾಗ, ಮಗ ಮರಳಿದ ಸಂತೋಷಕ್ಕೆ ತಂದೆ ಕೊಬ್ಬಿದ ಕರುವನ್ನು ಕೊಯ್ಯಿಸಿದನೆಂಬ ಮಾತು ಕೇಳುಗರಿಗೆ ಇರಸುಮುರಸು ತಂದಿತಂತೆ. ಮುಂದೆ ಈ ಕಥೆ ಹೇಳುವಾಗ ಕರುವಿನ ಬದಲು ಕುರಿಮರಿಯೆಂದು ಹೇಳುವುದು ಒಳ್ಳೆಯದೆಂದು ಅವರಿಗೆ ಸಲಹೆಯೂ ಬಂದಿತಂತೆ. ಮೊದಲು ಸರಳವಾದ ಧರ್ಮೋಪದೇಶದ ಪುಸ್ತಕಗಳು, ಆಮೇಲೆ ಬೈಬಲ್ ಎಂಬುದು ಅವರು ಹೇಳುವ ಕ್ರಮ.

ಈ ವಾದಕ್ಕೆ ಪ್ರೊಟೆಸ್ಟೆಂಟ್ ಬೋಧಕರಿಂದ ಮರುವರ್ಷವೇ ಉತ್ತರಗಳು ಅಚ್ಚಾಗಿ ಬಂದವು. ಜನರು ತಿಳಿಯಲಾರರೆಂದು ಮೊದಲೇ ತೀರ್ಮಾನಿಸುವವರು ಯಾರು? ಗಲಿಲೇಯದ ಬೆಸ್ತರಿಗೆ ತಿಳಿದದ್ದು ಕಾವೇರಿ ತೀರದ ಒಕ್ಕಲಿಗನಿಗೇಕೆ ತಿಳಿಯಬಾರದು? ಹೀಗೆ ನಾವೂ ಕೇಳಬಹುದು. ಆದರೆ ದ್ಯುಬುವಾ ಅವರನ್ನು ಗ್ರಂಥದ ವೈರಿಯೆಂದು ತಳ್ಳಿಹಾಕುವುದು ಸುಲಭವಾದರೂ ನ್ಯಾಯವಲ್ಲ. ಗ್ರಂಥವು ಒಳ್ಳೆಯ ನುಡಿಯಲ್ಲಿರಬೇಕು, ಅದಕ್ಕೆ ಅರ್ಥ ಬಿಡಿಸಿ ಹೇಳುವವರು ಬೇಕು ಎಂಬ ಅವರ ಮಾತಿನ ಒಳಗಿನ ತಿರುಳು ನೆಹೆಮೀಯನ ಗ್ರಂಥದ ಲೇವಿಯರ ಕೆಲಸವೇ ಆಗಿದೆ. ಅವರ ವಾದದಲ್ಲಿ ಬಿಟ್ಟುಹೋದದ್ದು ಇನ್ನೊಂದು ಭಾಗ: ಅರ್ಥ ಬಿಡಿಸುವುದಕ್ಕೆ ಮೊದಲು ಗ್ರಂಥವನ್ನು ಎಲ್ಲರ ಕಣ್ಣೆದುರಿಗೆ ತೆರೆಯಬೇಕಲ್ಲವೇ?

ಬೆಂಕಿಯಲ್ಲಿ ಬೆಂದ ಹಾಳೆಗಳು

ದ್ಯುಬುವಾ ಅವರು ಮೈಸೂರು ಸೀಮೆಯಲ್ಲಿದ್ದ ವರ್ಷಗಳಲ್ಲಿಯೇ ಎರಡು ಕಡೆ ಕನ್ನಡ ಬೈಬಲಿನ ಕೆಲಸ ನಡೆಯುತ್ತಿತ್ತು. ಒಂದು ದೂರದ ಬಂಗಾಳದ ಸಿರಾಂಪುರದಲ್ಲಿ, ವಿಲಿಯಂ ಕೇರಿಯವರ ಕೈಯಲ್ಲಿ. 1812ರ ಮಾರ್ಚ್ 11ರ ಸಂಜೆ ಅಲ್ಲಿಯ ಮುದ್ರಣಾಲಯಕ್ಕೆ ಬೆಂಕಿ ಬಿದ್ದಿತು. ಕಾಗದ, ಅಚ್ಚಿನ ಮೊಳೆ, ಹಸ್ತಪ್ರತಿಗಳು ಸುಟ್ಟುಹೋದವು. ನಾಶವಾದವುಗಳಲ್ಲಿ ಕನ್ನಡ ಹೊಸ ಒಡಂಬಡಿಕೆಯ ಹಸ್ತಪ್ರತಿಯೂ ಒಂದು. ವರ್ಷಗಳ ದುಡಿಮೆ ಒಂದು ರಾತ್ರಿಯಲ್ಲಿ ಬೂದಿಯಾಯಿತು. ಕೇರಿ ಮತ್ತು ಸಂಗಡಿಗರು ಮತ್ತೆ ಮೊದಲಿನಿಂದ ಆರಂಭಿಸಿದರು. 1817ರಲ್ಲಿ ಅವರ ಕನ್ನಡ ವ್ಯಾಕರಣ ಅಚ್ಚಾಯಿತು. 1823ರ ಹೊತ್ತಿಗೆ ಹೊಸ ಒಡಂಬಡಿಕೆಯೂ ಹೊರಬಂದಿತು.

ಇನ್ನೊಂದು ಕೆಲಸ ನಡೆದದ್ದು ಕನ್ನಡದ ನೆಲವಾದ ಬಳ್ಳಾರಿಯಲ್ಲಿ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿಗೆ ಬಂದರು. ಆಗ ಅವರ ಕೈಯಲ್ಲಿ ಅಚ್ಚಾದ ಕನ್ನಡ ವ್ಯಾಕರಣವಿರಲಿಲ್ಲ, ನಿಘಂಟೂ ಇರಲಿಲ್ಲ. ಊರಿನ ಪಂಡಿತರೊಡನೆ ಕುಳಿತು, ಬೀದಿಯ ಮಾತಿಗೆ ಕಿವಿಗೊಟ್ಟು, ಒಂದೊಂದು ವಾಕ್ಯವನ್ನೂ ಕಟ್ಟಬೇಕಾಯಿತು. ಬರೆದದ್ದನ್ನು ತಿದ್ದಿ, ತಿದ್ದಿದ್ದನ್ನು ಮತ್ತೆ ಬರೆಯುತ್ತ ವರ್ಷಗಳು ಉರುಳಿದವು. 1820ರ ಸುಮಾರಿನಿಂದ ಭಾಗಭಾಗವಾಗಿ ಅಚ್ಚಾಗುತ್ತ ಬಂದ ಈ ತರ್ಜುಮೆ 1831ರಲ್ಲಿ ಸಮಗ್ರ ಬೈಬಲ್ ಆಗಿ ಪೂರ್ಣಗೊಂಡಿತು. ಹ್ಯಾಂಡ್ಸ್ ಬಳ್ಳಾರಿಗೆ ಕಾಲಿಟ್ಟು ಆಗ ಇಪ್ಪತ್ತೊಂದು ವರ್ಷಗಳಾಗಿದ್ದವು.

ಅಚ್ಚಿನ ಕೆಲಸವೂ ಸಣ್ಣದಲ್ಲ. ಕನ್ನಡದಲ್ಲಿ ಮೂಲಾಕ್ಷರಗಳಿಗೆ ಮಾತ್ರ ಮೊಳೆ ಕೊರೆದರೆ ಸಾಲದು. ಗುಣಿತಾಕ್ಷರಗಳು ಬೇಕು; ಅಕ್ಷರದ ಕೆಳಗೆ ಕೂರುವ ಒತ್ತಕ್ಷರಗಳು ಬೇಕು. ಒಂದೊಂದನ್ನೂ ಸೀಸದ ಮೊಳೆಯಾಗಿ ಎರಕ ಹೊಯ್ದು, ಕೈಯಿಂದ ಜೋಡಿಸಿ, ಕರಡು ತೆಗೆದು, ತಿದ್ದಿ, ಮತ್ತೆ ಜೋಡಿಸಬೇಕು. ಹೀಗೆ ಸಿದ್ಧವಾದ ಹಾಳೆಗಳು ಹೊಲಿದು ಕಟ್ಟಿದ ಗ್ರಂಥವಾಗಿ ಎದುರಿಗೆ ಬಂದಾಗ, ಅದನ್ನು ಮೊದಲು ತೆರೆದವರ ಕೈ ನಡುಗಿದ್ದರೆ ಆಶ್ಚರ್ಯವೇನಿದೆ?

ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್ನಿನವರು ಈ ಕೆಲಸವನ್ನು ಮುಂದುವರಿಸಿದರು. ‘ಮಂಗಳೂರ ಸಮಾಚಾರ’ವೆಂಬ ಮೊದಲ ಕನ್ನಡ ಪತ್ರಿಕೆಯನ್ನು 1843ರಲ್ಲಿ ಹೊರಡಿಸಿದ ಹೆರ್ಮನ್ ಮೋಗ್ಲಿಂಗ್, ಅವರ ಸಂಗಡಿಗ ಗಾಟ್‌ಫ್ರೀಡ್ ವೈಗ್ಲೆ ಮೊದಲಾದವರು ಹಳೆಯ ತರ್ಜುಮೆಯ ನುಡಿಯನ್ನು ತಿದ್ದಿ ಹಸನುಗೊಳಿಸಲು ದುಡಿದರು. ದ್ಯುಬುವಾ ಅವರ ಮೊದಲನೆಯ ಆಕ್ಷೇಪಕ್ಕೆ ಸಿಕ್ಕ ನಿಜವಾದ ಉತ್ತರ ಈ ದುಡಿಮೆಯೇ. ಜಾತ್ರೆಗಳಲ್ಲಿ, ಸಂತೆಗಳಲ್ಲಿ ಬಿಡಿಬಿಡಿಯಾದ ಸುವಾರ್ತೆಯ ಪುಸ್ತಕಗಳನ್ನು ಅಲ್ಪ ಬೆಲೆಗೆ ಮಾರುತ್ತಿದ್ದವರು ಅದನ್ನು ಹಳ್ಳಿಹಳ್ಳಿಗೆ ಮುಟ್ಟಿಸಿದರು.

ಒಂದೊಂದು ಪದದ ಹಿಂದೆ

ಗ್ರಂಥವನ್ನು ಕನ್ನಡದಲ್ಲಿ ತೆರೆಯುವುದೆಂದರೆ ಒಂದೊಂದು ಪದವನ್ನೂ ಹುಡುಕುವುದು. ಬೈಬಲಿಗೆ ‘ಸತ್ಯವೇದ’ವೆಂಬ ಹೆಸರು ನೆಲೆಗೊಂಡಿತು; ಈ ನಾಡಿನ ಜನರು ಅತ್ಯಂತ ಪೂಜ್ಯವೆಂದು ತಿಳಿದಿದ್ದ ‘ವೇದ’ವೆಂಬ ಮಾತನ್ನೇ ಕ್ರೈಸ್ತರು ತಮ್ಮ ಗ್ರಂಥಕ್ಕೂ ಬಳಸಿದರು. ಯೇಸುವಿನ ಸಂದೇಶವನ್ನು ಪ್ರೊಟೆಸ್ಟೆಂಟರು ‘ಸುವಾರ್ತೆ’ ಎಂದರು, ನಾವು ‘ಶುಭಸಂದೇಶ’ವೆನ್ನುತ್ತೇವೆ. ಅವರು ‘ಅಪೊಸ್ತಲ’ರೆಂದು ಗ್ರೀಕ್ ಮಾತಿನ ಧ್ವನಿಯನ್ನು ಉಳಿಸಿಕೊಂಡರೆ, ನಾವು ‘ಪ್ರೇಷಿತ’ರೆಂದು ಅದರ ಅರ್ಥವನ್ನು ಹಿಡಿದೆವು: ಕಳುಹಿಸಲ್ಪಟ್ಟವರು. ಅವರ ‘ಸಭೆ’ ನಮಗೆ ‘ಧರ್ಮಸಭೆ’. ಹೆಸರು ಬೇರೆಯಾದರೂ ಹುಡುಕಿದ್ದು ಒಂದನ್ನೇ. ಎರಡೂ ಕಡೆಯವರು ಕನ್ನಡದ ಒಡಲಲ್ಲಿ ಕೈಯಿಟ್ಟು ಹುಡುಕಿದರು.

ಈ ಹುಡುಕಾಟದ ಫಲವಾಗಿ ನಾಡಿಗೆ ನಿಘಂಟುಗಳು ದೊರೆತವು. ಬಳ್ಳಾರಿಯಲ್ಲಿ ಹ್ಯಾಂಡ್ಸರ ಸಹೋದ್ಯೋಗಿಯಾಗಿದ್ದ ವಿಲಿಯಂ ರೀವ್ ಅವರ ಇಂಗ್ಲಿಷ್-ಕನ್ನಡ ನಿಘಂಟು 1824ರಲ್ಲಿ, ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿ ಬಂದವು. ಕಥೋಲಿಕರೂ ಹಿಂದುಳಿಯಲಿಲ್ಲ. ಮೈಸೂರು 1850ರಲ್ಲಿ ಪ್ರತ್ಯೇಕ ಅಪೊಸ್ತಲಿಕ ವಿಕಾರಿಯಾತ್ ಆದ ಮೇಲೆ, ಧರ್ಮಾಧ್ಯಕ್ಷ ಶಾರ್ಬೊನೊ ಅವರ ಕಾಲದಲ್ಲಿ, 1855ರಲ್ಲಿ ಬೆಂಗಳೂರಿನಲ್ಲಿ ಕನ್ನಡ-ಲ್ಯಾಟಿನ್ ನಿಘಂಟು ಅಚ್ಚಾಯಿತು; 1861ರಲ್ಲಿ ಲ್ಯಾಟಿನ್-ಕನ್ನಡ ನಿಘಂಟು ಅದನ್ನು ಹಿಂಬಾಲಿಸಿತು. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಫರ್ಡಿನಾಂಡ್ ಕಿಟೆಲ್ ಅವರ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳಿವೆ. ದೇವರ ವಾಕ್ಯಕ್ಕೆ ಪದ ಹುಡುಕಹೊರಟವರು ಕನ್ನಡಿಗರೆಲ್ಲರ ಪದಸಂಪತ್ತನ್ನು ಒಂದೆಡೆ ಕೂಡಿಸಿಟ್ಟರು.

ಕನ್ನಡವು ಈ ಭಾರವನ್ನು ಹೊರಬಲ್ಲುದೇ ಎಂಬ ಸಂದೇಹಕ್ಕೆ ನಮ್ಮ ಜಿಲ್ಲೆಯಿಂದಲೇ ಒಂದು ಸುಂದರವಾದ ಸಮಾಧಾನ ಸಿಕ್ಕಿತು. ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಮನೆತನದ ಬಿ. ಎಂ. ಶ್ರೀಕಂಠಯ್ಯನವರು ತಮ್ಮ ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ಕಾರ್ಡಿನಲ್ ನ್ಯೂಮನ್ನರ ಪ್ರಾರ್ಥನಾಗೀತೆಯೊಂದನ್ನು ಕನ್ನಡಿಸಿದರು. 2019ರಲ್ಲಿ ಸಂತರೆಂದು ಘೋಷಿತರಾದ ನ್ಯೂಮನ್ನರ ಆ ಪ್ರಾರ್ಥನೆಯನ್ನು ಇಂದು ಕನ್ನಡಿಗರು ಮತಭೇದವಿಲ್ಲದೆ ಹಾಡುತ್ತಾರೆ. ಅದು ಬೇರೆ ನುಡಿಯಿಂದ ಬಂದದ್ದೆಂಬುದೇ ಹಾಡುವ ಅನೇಕರಿಗೆ ಗೊತ್ತಿಲ್ಲ.

ನಮ್ಮ ಮನೆಗಳ ಕಾಯುವಿಕೆ

ಕನ್ನಡ ಬೈಬಲ್ 1831ರಲ್ಲಿಯೇ ಸಿದ್ಧವಾದರೂ ಕಥೋಲಿಕ ಮನೆಗಳ ಕಾಯುವಿಕೆ ಅಲ್ಲಿಗೆ ಮುಗಿಯಲಿಲ್ಲ. ಅದಕ್ಕೆ ಕಾರಣಗಳಿವೆ. ಪ್ರೊಟೆಸ್ಟೆಂಟ್ ಬೈಬಲಿನಲ್ಲಿ 66 ಗ್ರಂಥಗಳಿದ್ದರೆ ಕಥೋಲಿಕರು ಅಂಗೀಕರಿಸುವ ಗ್ರಂಥಗಳು 73. ತೊಬೀತ, ಜೂಡಿತ, ಜ್ಞಾನಗ್ರಂಥ, ಸಿರಾಖ, ಬಾರೂಕ ಹಾಗೂ ಮಕ್ಕಬಿಯರ ಎರಡು ಗ್ರಂಥಗಳು ಅದರಲ್ಲಿರಲಿಲ್ಲ. ಜೊತೆಗೆ, ಧರ್ಮಸಭೆಯ ಅನುಮತಿ ಮತ್ತು ವಿವರಣೆಯ ಟಿಪ್ಪಣಿಗಳಿರುವ ತರ್ಜುಮೆಗಳನ್ನು ಮಾತ್ರ ಜನಸಾಮಾನ್ಯರು ಓದಬೇಕೆಂಬ ನಿಯಮವಿತ್ತು. 1757ರಲ್ಲಿ ಅಂತಹ ತರ್ಜುಮೆಗಳಿಗೆ ರೋಮಿನ ಒಪ್ಪಿಗೆ ದೊರೆತಿತ್ತು. ಬಲಿಪೂಜೆಯು ಲ್ಯಾಟಿನ್ನಿನಲ್ಲಿ ನಡೆಯುತ್ತಿತ್ತು. ಪ್ರಸಂಗದಲ್ಲಿ ಗುರುಗಳು ಕನ್ನಡದಲ್ಲಿ ಹೇಳಿದಷ್ಟು ಶುಭಸಂದೇಶ, ಉಳಿದಂತೆ ಜಪಸರ ಮತ್ತು ಶಿಲುಬೆಯ ಹಾದಿ, ಇವುಗಳೇ ಜನರ ಬೈಬಲ್ ಆಗಿದ್ದವು.

ಬಾಗಿಲು ಮೆಲ್ಲಮೆಲ್ಲನೆ ತೆರೆಯಿತು. 1893ರಲ್ಲಿ ಹದಿಮೂರನೆಯ ಲಿಯೋ ಜಗದ್ಗುರುಗಳು ಪವಿತ್ರ ಗ್ರಂಥದ ಅಧ್ಯಯನವನ್ನು ಪ್ರೋತ್ಸಾಹಿಸಿ ವಿಶ್ವಪತ್ರವನ್ನು ಬರೆದರು. 1943ರ ಸೆಪ್ಟೆಂಬರ್ 30ರಂದು, ಬೈಬಲನ್ನು ಲ್ಯಾಟಿನ್ನಿಗೆ ತಂದ ಸಂತ ಜೆರೋಮರ ಹಬ್ಬದ ದಿನ, ಹನ್ನೆರಡನೆಯ ಪಿಯುಸ್ ಜಗದ್ಗುರುಗಳು ಮೂಲಭಾಷೆಗಳಿಂದಲೇ ತರ್ಜುಮೆ ಮಾಡಲು ದಾರಿ ತೋರಿದರು. 1963ರ ಡಿಸೆಂಬರ್ 4ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ದೈವಾರಾಧನೆಯಲ್ಲಿ ದೇಶಭಾಷೆಗಳಿಗೆ ಎಡೆಮಾಡಿತು. 1965ರ ನವೆಂಬರ್ 18ರಂದು ಹೊರಬಂದ ದೈವಪ್ರಕಟಣೆಯ ಸಂವಿಧಾನದಲ್ಲಿ, ಪವಿತ್ರ ಗ್ರಂಥವು ಎಲ್ಲ ವಿಶ್ವಾಸಿಗಳಿಗೂ ಧಾರಾಳವಾಗಿ ದೊರೆಯಬೇಕೆಂದು ಸಾರಿತು. ಅಗಲಿದ ಸಹೋದರರೊಡನೆ ಕೂಡಿ ತರ್ಜುಮೆ ಮಾಡುವುದಕ್ಕೂ ಅಲ್ಲಿ ಅವಕಾಶವಾಯಿತು. 1968ರಲ್ಲಿ ಇಂತಹ ಜಂಟಿ ತರ್ಜುಮೆಗೆ ವ್ಯಾಟಿಕನ್ ಮತ್ತು ಬೈಬಲ್ ಸಂಘಗಳು ಸೇರಿ ಸೂತ್ರಗಳನ್ನು ರೂಪಿಸಿದವು. ಅದರ ಫಲ ಕನ್ನಡಕ್ಕೂ ದಕ್ಕಿತು; 73 ಗ್ರಂಥಗಳೂ ಇರುವ ಕನ್ನಡ ಬೈಬಲ್ ಇಂದು ನಮ್ಮ ಮನೆಗಳಲ್ಲಿದೆ.

ಈ ಬದಲಾವಣೆಯನ್ನು ಕಂಡ ಹಿರಿಯರು ನಮ್ಮ ಧರ್ಮಕೇಂದ್ರಗಳಲ್ಲಿ ಇನ್ನೂ ಇದ್ದಾರೆ. ಅದುವರೆಗೆ ಪೀಠದ ಕಡೆಗೆ ಮುಖ ಮಾಡಿ ಗುರುಗಳು ತಗ್ಗಿದ ದನಿಯಲ್ಲಿ ಲ್ಯಾಟಿನ್ನಿನಲ್ಲಿ ಹೇಳುತ್ತಿದ್ದುದನ್ನು, ಒಂದು ಭಾನುವಾರ ತಮ್ಮ ಊರಿನವರೇ ಒಬ್ಬರು ಮುಂದೆ ಬಂದು ನಿಂತು, ತಮ್ಮ ಮನೆಯ ಮಾತಿನಲ್ಲಿ ಓದಿದಾಗ ಅವರಿಗೆ ಏನನ್ನಿಸಿರಬೇಕು! ನೀರುಬಾಗಿಲಿನ ಮುಂದೆ ನೆರೆದವರ ಅನುಭವಕ್ಕೂ ಅದಕ್ಕೂ ಹೆಚ್ಚಿನ ವ್ಯತ್ಯಾಸವಿರಲಾರದು. ಮಹಾಸಭೆಯ ನಂತರ ಭಾನುವಾರದ ವಾಚನಗಳು ಮೂರು ವರ್ಷಗಳ ಆವರ್ತವಾಗಿ ವಿಸ್ತಾರಗೊಂಡವು. ಮತ್ತಾಯ, ಮಾರ್ಕ, ಲೂಕರನ್ನು ವರ್ಷಕ್ಕೊಬ್ಬರಂತೆ ನಾವು ಕೇಳುತ್ತೇವೆ. ಯೊವಾನ್ನರ ಶುಭಸಂದೇಶ ಮುಖ್ಯವಾಗಿ ಪಾಸ್ಖ ಕಾಲದಲ್ಲಿ ಬರುತ್ತದೆ. ಹಳೆಯ ಒಡಂಬಡಿಕೆಯ ದೊಡ್ಡ ಭಾಗವೂ ಪೀಠದಿಂದ ಕೇಳಿಬರುತ್ತದೆ. ವಾಚನದ ನಂತರ ಗುರುಗಳ ಪ್ರಬೋಧನೆಯಿದೆ. ತೆರೆಯುವುದು, ಅರ್ಥ ಬಿಡಿಸುವುದು ಎರಡೂ ಒಂದೇ ಆರಾಧನೆಯಲ್ಲಿ ಸೇರಿದವು. ಬಳ್ಳಾರಿಯ ಹ್ಯಾಂಡ್ಸರ ಹಂಬಲಕ್ಕೂ ಗಂಜಾಮಿನ ದ್ಯುಬುವಾ ಅವರ ಎಚ್ಚರಿಕೆಗೂ ಅಲ್ಲಿ ಸ್ಥಳ ಸಿಕ್ಕಿತು.

ಕೇಳುವ ಜನ ಎಲ್ಲಿ?

ಹಾಗಾದರೆ ಮೂರೂ ಕೂಡಿಬಂದವೇ? ನೆಹೆಮೀಯನ ಚಿತ್ರದಲ್ಲಿ ಎಲ್ಲಕ್ಕಿಂತ ಮೊದಲನೆಯದು ಜನರ ಕೇಳಿಕೆ. ಗ್ರಂಥವನ್ನು ತನ್ನಿ ಎಂದು ಅವರು ಬೇಡಿದರು. ನಮ್ಮ ಹಿರಿಯರಿಗೆ ಬಯಕೆಯಿತ್ತು, ಗ್ರಂಥವಿರಲಿಲ್ಲ. ನಮಗೆ ಗ್ರಂಥವಿದೆ. ಮದುವೆಯ ದಿನ ಉಡುಗೊರೆಯಾಗಿ ಬಂದದ್ದು, ಮೊದಲ ಪರಮಪ್ರಸಾದದ ದಿನ ಮಗುವಿಗೆ ಕೊಟ್ಟದ್ದು, ಧ್ಯಾನಕೂಟದಲ್ಲಿ ಕೊಂಡು ತಂದದ್ದು, ಹೀಗೆ ಒಂದೇ ಮನೆಯಲ್ಲಿ ಎರಡು ಮೂರು ಪ್ರತಿಗಳಿರುತ್ತವೆ. ಕೈಯಲ್ಲಿರುವ ಮೊಬೈಲ್ ಫೋನಿನಲ್ಲಿಯೂ ಇಡಿಯ ಬೈಬಲ್ ಇದೆ. ಆದರೂ ದೇವರ ಪಟದ ಪಕ್ಕದ ಹಲಗೆಯ ಮೇಲೆ ಅದು ಪ್ಲಾಸ್ಟಿಕ್ ಹೊದಿಕೆಯೊಳಗೆ ಹಾಗೆಯೇ ಉಳಿದಿರುವ ಮನೆಗಳಿಲ್ಲವೇ? ಆತಕೂರಿನ ಕಲ್ಲಿನ ಪಕ್ಕದಲ್ಲಿ ಓಡಾಡುತ್ತಿದ್ದವರಿಗೆ ಆ ಹಳೆಯ ಲಿಪಿಯನ್ನು ಓದಲು ಬರುತ್ತಿರಲಿಲ್ಲ. ನಮಗೆ ಓದಲು ಬರುತ್ತದೆ ಎಂಬುದೊಂದೇ ವ್ಯತ್ಯಾಸ.

ಒಮ್ಮೆ ತೆರೆದ ಗ್ರಂಥದ ಮೊದಲ ದಿನದ ಸಂತೋಷ ಮತ್ತೆ ಬರಲಾರದೆಂದು ಕೆಲವರು ಹೇಳಬಹುದು. ನಜರೇತಿನ ಪ್ರಾರ್ಥನಾಮಂದಿರದಲ್ಲಿ ಯೇಸುಸ್ವಾಮಿ ಯೆಶಾಯನ ಸುರುಳಿಯನ್ನು ಬಿಚ್ಚಿದಾಗ ಅಲ್ಲಿದ್ದವರಿಗೆ ಅದು ಹೊಸ ಗ್ರಂಥವಾಗಿರಲಿಲ್ಲ. ಎಷ್ಟೋ ಸಬ್ಬತ್ತುಗಳಲ್ಲಿ ಕೇಳಿದ್ದೇ ಆಗಿತ್ತು. ಆದರೂ ಆ ದಿನ ಎಲ್ಲರ ಕಣ್ಣುಗಳೂ ಅವರ ಮೇಲೆಯೇ ನೆಟ್ಟಿದ್ದವೆಂದು ಲೂಕರು ಬರೆಯುತ್ತಾರೆ. ಹಳೆಯ ಮಾತು ಆ ದಿನ ಅವರ ನಡುವೆಯೇ ನೆರವೇರುತ್ತಿತ್ತು. ಎಮ್ಮಾವುವಿನ ದಾರಿಯ ಶಿಷ್ಯರಿಗೂ ಹೀಗೆಯೇ ಆಯಿತು. 2019ರ ಸೆಪ್ಟೆಂಬರ್ 30ರಂದು ಜಗದ್ಗುರು ಫ್ರಾನ್ಸಿಸ್ ಅವರು ಸಾಧಾರಣ ಕಾಲದ ಮೂರನೆಯ ಭಾನುವಾರವನ್ನು ದೇವರ ವಾಕ್ಯದ ಭಾನುವಾರವೆಂದು ಗೊತ್ತುಮಾಡಿದಾಗ, ತಮ್ಮ ಪತ್ರದ ಮೊದಲ ಮಾತನ್ನು ಲೂಕರ ಇದೇ ಕೊನೆಯ ಅಧ್ಯಾಯದಿಂದ ಆರಿಸಿಕೊಂಡರು. ಪುನರುತ್ಥಾನ ಹೊಂದಿದ ಪ್ರಭುವು ಶಿಷ್ಯರ ಬುದ್ಧಿಯನ್ನು ತೆರೆದರೆಂಬ ಮಾತು ಅದು. ಗ್ರಂಥವನ್ನು ತೆರೆಯುವುದು ನಮ್ಮ ಕೈ. ಬುದ್ಧಿಯನ್ನು ತೆರೆಯುವವರು ಅವರು.

ಆದ್ದರಿಂದ ಪ್ರಿಯ ಕುಟುಂಬಗಳೇ, ಈ ವಾರ ಒಂದು ಸಂಜೆ, ದೀಪ ಹಚ್ಚಿದ ಮೇಲೆ, ಜಪಸರಕ್ಕೆ ಮುನ್ನ ಆ ಹೊದಿಕೆಯನ್ನು ತೆಗೆಯೋಣ. ಮನೆಯ ಕಿರಿಯ ಮಗು ಗ್ರಂಥವನ್ನು ತೆರೆಯಲಿ. ಬರುವ ಭಾನುವಾರದ ಶುಭಸಂದೇಶವನ್ನು ಓದಬಲ್ಲವರು ಗಟ್ಟಿಯಾಗಿ, ನಿಧಾನವಾಗಿ ಓದಲಿ. ಅಜ್ಜ ಅಜ್ಜಿಯರಿಗೆ ಕಣ್ಣು ಮಂಜಾಗಿದ್ದರೆ ಅವರು ಕೇಳಲಿ. ಬಾಲ್ಯದಲ್ಲಿ ಬಾಯಿಪಾಠವಾಗಿ ಕಲಿತದ್ದನ್ನು ಮೊಮ್ಮಕ್ಕಳಿಗೆ ಹೇಳಲಿ. ತಿಳಿಯದ ಮಾತು ಬಂದರೆ ಗುರುತು ಹಾಕಿಟ್ಟು ಭಾನುವಾರ ಗುರುಗಳನ್ನು ಕೇಳೋಣ. ನೆರೆಯಲ್ಲಿ ಒಂಟಿಯಾಗಿರುವ ಹಿರಿಯರು, ಓದು ಬಾರದವರು, ಕಾಯಿಲೆಯಿಂದ ದೇವಾಲಯಕ್ಕೆ ಬರಲಾಗದವರು ಇದ್ದರೆ ಅವರ ಬಳಿ ಹೋಗಿ ಅದೇ ಭಾಗವನ್ನು ಓದಿ ಹೇಳೋಣ. ಏನೂ ಇಲ್ಲದವರಿಗೆ ಒಂದು ಪಾಲು ಕಳುಹಿಸಬೇಕೆಂದು ಎಜ್ರನ ಕಾಲದ ಜನರಿಗೆ ಹೇಳಿದ್ದರಲ್ಲವೇ? ನಮ್ಮ ಕೈಯಲ್ಲಿರುವ ಈ ಪಾಲು ತಲಪಲು ಮೂರು ಶತಮಾನ ಹಿಡಿದಿದೆ. ಅದನ್ನು ಪಕ್ಕದ ಮನೆಗೆ ಮುಟ್ಟಿಸಲು ಒಂದು ಸಂಜೆ ಸಾಕು.